ಸೂರತ್ ಥಾನಿಯ ಸಿದ್ಧಾಂತ

ಅನಂತಪದ್ಮನಾಭ ಎಂಬ ಹೆಸರಿನ ದೇವರು ಸಮುದ್ರದ ಮೇಲೆ ಹಾಸಿಗೆ ಹಾಸಿಕೊಂಡು, ಕಾಲು ಒತ್ತಿಸಿಕೊಳ್ಳುತ್ತಾ ಮಲಗಿರುವ ವಿಷಯ ಎಲ್ಲರಿಗೂ ಗೊತ್ತು. ಅದೇ ಹೆಸರಿಟ್ಟುಕೊಂಡು ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನ ಅಪಾರ್ಟ್‌ಮೆಂಟೊಂದರಲ್ಲಿ ಬಾಡಿಗೆಗಿರುವ ನಮ್ಮ ಅನಂತಪದ್ಮನಾಭನಿಗೆ ಮಾತ್ರ ನೀರೆಂದರೆ ಆಗದು. ಕುಡಿಯುವ ನೀರು, ಸ್ನಾನದ ನೀರು, ಸಾರಿಗೆ ಬೆರೆಸುವ ನೀರು, ಇವುಗಳ ಬಗ್ಗೆ ಅವನ ತಕರಾರಿಲ್ಲ. ದೋಣಿ ತೇಲುವಷ್ಟು ನೀರು ಒಂದೆಡೆ ಸೇರಿತೆಂದರೆ ಅಲ್ಲಿಂದ ಅವನ ಕಷ್ಟ ಶುರುವಾಗುತ್ತದೆ.

ಇದರಲ್ಲಿ ಅವನ ತಪ್ಪೇನೂ ಇಲ್ಲ. ಅವನು ಹುಟ್ಟಿದಾಗ ಮೈಸೂರಿನ ಜೋಯಿಸರೊಬ್ಬರು ಜಾತಕ ಬರೆದು, ಕೊನೆಯಲ್ಲಿ ಕೆಂಪು ಶಾಯಿಯಿಂದ ಒಂದು ಸಾಲು ಸೇರಿಸಿದ್ದರು: ನಲವತ್ತೆಂಟು ತುಂಬುವವರೆಗೆ ಜಲಗಂಡಾಂತರವಿದೆ, ದೋಣಿ ಹತ್ತಿಸಬೇಡಿ. ಅವನ ಅಮ್ಮ ಆ ಸಾಲನ್ನು ಬಾಯಿಪಾಠ ಮಾಡಿಕೊಂಡು, ಮಗನಿಗೆ ಬುದ್ಧಿ ಬಂದ ಮೇಲೆ ಅವನಿಂದ ಆಣೆಯನ್ನೂ ಹಾಕಿಸಿಕೊಂಡಿದ್ದರು. ಈಗ ಅವನಿಗೆ ನಲವತ್ತೇಳೂವರೆ. ಇನ್ನು ಆರು ತಿಂಗಳು ಹೇಗಾದರೂ ನೆಲದ ಮೇಲೆ ಕಳೆದುಬಿಟ್ಟರೆ ಗೆದ್ದ ಹಾಗೆ.

ಆದರೆ ಇದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಏಕೆಂದರೆ ಬೇ ಏರಿಯಾದ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ, ಕನ್ನಡಿಗರ ನಡುವೆ ಅನಂತಪದ್ಮನಾಭ ಹೆಸರಾಂತ ವಿಚಾರವಾದಿ. ಮೂರು ವರ್ಷದ ಹಿಂದೆ ಯುಗಾದಿ ಸಮಾರಂಭದಲ್ಲಿ ವೈಜ್ಞಾನಿಕ ಮನೋಭಾವದ ಬಗ್ಗೆ ನಲವತ್ತು ನಿಮಿಷ ಮಾತನಾಡಿ ಎಲ್ಲರ ಹೋಳಿಗೆ ಆರಿಸಿದ್ದ. ರಾಹುಕಾಲ ಕಳೆಯಲಿ ಎಂದು ಹೊಸ ಕಾರನ್ನು ಷೋರೂಮಿನ ಅಂಗಳದಲ್ಲೇ ಒಂದೂವರೆ ಗಂಟೆ ನಿಲ್ಲಿಸಿಕೊಂಡು ಕೂತ 'ಒಬ್ಬ ವಿದ್ಯಾವಂತರ' ಕಥೆಯನ್ನು ಆ ಭಾಷಣದಲ್ಲಿ ರಸವತ್ತಾಗಿ ಹೇಳಿದ್ದ. ಆ ವಿದ್ಯಾವಂತರು ಮುಂದಿನ ಸಾಲಿನಲ್ಲೇ ಕೂತಿದ್ದರು. ಅವರ ಹೆಸರು ನಂಜುಂಡಸ್ವಾಮಿ, ಪಕ್ಕದ ಬ್ಲಾಕಿನವರು. ಸಭೆಯೆಲ್ಲ ನಕ್ಕಿತು, ನಂಜುಂಡಸ್ವಾಮಿಯವರೂ ನಕ್ಕರು, ಅವರ ಹೆಂಡತಿ ಪದ್ಮಜಾ ಮಾತ್ರ ನಗಲಿಲ್ಲ. ಅಂಥ ಭಾಷಣ ಮಾಡಿದ ಬಾಯಿಂದ ಜಲಗಂಡಾಂತರ ಎಂಬ ಮಾತು ಹೊರಡುವುದಾದರೂ ಹೇಗೆ?

ಹಾಗಾಗಿ ಮದುವೆಯಾದಂದಿನಿಂದ ಹದಿನಾಲ್ಕು ವರ್ಷ ಅವನು ಉಪಾಯದಿಂದ ಕಾಲ ತಳ್ಳಿದ. ಊರಿಂದ ಬಂದ ನೆಂಟರಿಗೆಲ್ಲ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದೋಣಿ ವಿಹಾರಕ್ಕೆ ಟಿಕೆಟ್ಟು ತೆಗೆದುಕೊಟ್ಟು, ತಾನು ದಂಡೆಯಲ್ಲಿ ಎಲ್ಲರ ಬ್ಯಾಗು, ಸ್ವೆಟರು, ಚಕ್ಕುಲಿ ಡಬ್ಬಿ ಕಾಯುತ್ತಾ ನಿಲ್ಲುತ್ತಿದ್ದ. ಇಂಥ ಅಳಿಯ ಸಿಗಬೇಕಾದರೆ ಪುಣ್ಯ ಮಾಡಿರಬೇಕೆಂದು ಮಾವನ ಮನೆಯವರು ಕೊಂಡಾಡುತ್ತಿದ್ದರು. ರೆಡ್‌ವುಡ್ ಸಿಟಿಯ ಆಫೀಸಿನಿಂದ ಕೊಲ್ಲಿಯ ಆಚೆ ದಡದ ಫ್ರೀಮಾಂಟಿಗೆ ಹೋಗುವುದಿದ್ದರೆ, ಕಣ್ಣೆದುರಿನ ಸೇತುವೆ ಬಿಟ್ಟು ಸ್ಯಾನ್ ಹೋಸೆ ಸುತ್ತಿಕೊಂಡು ಹೋಗುತ್ತಿದ್ದ. ಕೇಳಿದವರಿಗೆ ಆ ಕಡೆಯ ಫ್ರೀವೇ ನುಣುಪಾಗಿದೆ ಎನ್ನುತ್ತಿದ್ದ.

ಅವನ ಹೆಂಡತಿ ಸತ್ಯವತಿಯದು ಇದಕ್ಕೆ ಸರಿಯಾಗಿ ಉಲ್ಟಾ. ಅವಳು ಚಿತ್ರದುರ್ಗದ ಕಡೆಯವಳು. ಕೊಡ ನೀರಿಗೆ ಸರದಿ ನಿಂತು ಬೆಳೆದವಳಿಗೆ ಸಮುದ್ರವೆಂದರೆ ಪ್ರಾಣ. ಅಮೆರಿಕಕ್ಕೆ ಬಂದು ಅರ್ಧ ಗಂಟೆ ದೂರದಲ್ಲಿ ಸಮುದ್ರ ಸಿಕ್ಕಿತು, ಆದರೆ ಅದು ಫ್ರಿಜ್ಜಿನಿಂದ ತೆಗೆದಂಥ ಸಮುದ್ರ. ಪ್ರತಿ ಬೇಸಗೆಯಲ್ಲೂ ಹಾಫ್ ಮೂನ್ ಬೇ ಕಡಲತೀರಕ್ಕೆ ಹೋಗುವುದು, ಪಾದ ನೆನೆಯುತ್ತಲೇ ಹಲ್ಲು ಕಟಕಟಿಸುತ್ತಾ ಆಚೆ ಓಡುವುದು, ಒಣ ಮರಳಿನ ಮೇಲೆ ಅವಳ ಚಪ್ಪಲಿ ಹಿಡಿದು ನಿಂತ ಗಂಡ ಟವೆಲ್ಲು ಕೊಡುವುದು, ಇಷ್ಟೇ ನಡೆದುಬಂದಿತ್ತು. ಬೆಚ್ಚಗಿನ ಸಮುದ್ರದಲ್ಲಿ ಗಂಡನ ಜೊತೆ ಒಂದು ಸಲ ಕುತ್ತಿಗೆಮಟ್ಟ ನಿಲ್ಲಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ, ಒಡವೆ ಸೀರೆ ಯಾವುದೂ ಅಲ್ಲ.

ನಂಜುಂಡಸ್ವಾಮಿಯವರ ಮನೆಯಲ್ಲಿ, ಒಬ್ಬೊಬ್ಬರು ಒಂದೊಂದು ಅಡುಗೆ ತಂದ ಪಾಟ್‌ಲಕ್ಕಿನಲ್ಲಿ, ಎಲ್ಲರ ತಟ್ಟೆಗೆ ಪುಳಿಯೋಗರೆ ಬಡಿಸುತ್ತಾ ಸತ್ಯವತಿ ಸುದ್ದಿ ಹೊರಹಾಕಿದಳು.

"ಈ ಸಮ್ಮರಿಗೆ ನಾವು ಥಾಯ್ಲೆಂಡಿಗೆ ಹೋಗ್ತಿದ್ದೀವಿ. ಕೋ ತಾವ್ ಅಂತ ಒಂದು ದ್ವೀಪ. ಹದಿನೈದನೇ ಆನಿವರ್ಸರಿ ಅಲ್ವಾ, ಬುಕ್ ಮಾಡ್ಬಿಟ್ಟೆ. ಇವರಿಗೂ ಗೊತ್ತಿಲ್ಲ, ಈಗಲೇ ಹೇಳ್ತಿರೋದು."

"ಅಲ್ಲಿ ಏರ್‌ಪೋರ್ಟ್ ಇದೆಯಾ?" ಎಂದರು ಪದ್ಮಜಾ.

"ಇಲ್ಲಂತೆ. ಸೂರತ್ ಥಾನಿ ಅಂತ ಊರು, ಅಲ್ಲೀತನಕ ಫ್ಲೈಟು. ಆಮೇಲೆ ಬಸ್ಸು, ಅದಾದ್ಮೇಲೆ ನಾಲ್ಕು ಗಂಟೆ ಬೋಟು."

ಅನಂತಪದ್ಮನಾಭನ ಗಂಟಲಲ್ಲಿ ಪುಳಿಯೋಗರೆ ಅಲ್ಲೇ ನಿಂತಿತು. ಇಪ್ಪತ್ತು ಜನ ಅವನನ್ನೇ ನೋಡುತ್ತಿದ್ದರು, ಖುಷಿಯಾಯಿತಾ ಎಂದು ಕೇಳುವ ಮುಖ ಮಾಡಿಕೊಂಡು. ಅವನು ನೀರು ಕುಡಿದು, ಗಂಟಲು ಸರಿಮಾಡಿಕೊಂಡು, ಮುಂದೆ ಬೇ ಏರಿಯಾದಲ್ಲೆಲ್ಲ ಹರಡಲಿದ್ದ ತನ್ನ ಸಿದ್ಧಾಂತದ ಮೊದಲ ವಾಕ್ಯವನ್ನು ಆಡಿದ.

"ದ್ವೀಪ ಬಿಡು, ಅದಕ್ಕೆ ಎಲ್ಲರೂ ಹೋಗ್ತಾರೆ. ನಿಜವಾಗ್ಲೂ ನೋಡಬೇಕಾದ್ದು ಸೂರತ್ ಥಾನಿ."

"ಅಲ್ಲೇನಿದೆ?" ಎಂದರು ನಂಜುಂಡಸ್ವಾಮಿ.

"ನೀವು ತಿರುಪತಿಗೆ ಎಷ್ಟು ಸಲ ಹೋಗಿದ್ದೀರಿ?"

"ಹನ್ನೆರಡು ಸಲ ಹೋಗಿರಬಹುದು."

"ರೇಣಿಗುಂಟ ನೋಡಿದ್ದೀರಾ?"

"ಅಲ್ಲಿ ರೈಲು ಇಳಿತೀವಿ."

"ಇಳಿತೀರಿ. ನೋಡಿದ್ದೀರಾ ಅಂತ ಕೇಳಿದ್ದು. ರೇಣಿಗುಂಟದಲ್ಲೂ ಜನ ಇದ್ದಾರೆ ಸರ್. ಅವರಿಗೂ ಮನೆ, ಮಠ, ಮಕ್ಕಳು ಇದ್ದಾರೆ. ನಾವು ಅವರ ಮುಖಾನೂ ನೋಡದೆ ಟ್ಯಾಕ್ಸಿ ಹತ್ತೀವಿ. ಅಂಥ ಊರಲ್ಲಿ ಹತ್ತು ದಿನ ಸುಮ್ಮನೆ ಇದ್ದು ಬರೋನು ನಿಜವಾದ ಪ್ರವಾಸಿ. ದೋಣಿ ಹತ್ತಿ ಹೋಗೋನು ಬರೀ ಗಿರಾಕಿ."

ಮಾತು ಮುಗಿದಾಗ ನಂಜುಂಡಸ್ವಾಮಿಯವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಹನ್ನೆರಡು ಸಲ ರೇಣಿಗುಂಟಕ್ಕೆ ತಾವು ಮಾಡಿದ ಅನ್ಯಾಯ ಅವರಿಗೆ ಆಗ ಹೊಳೆದಿತ್ತು. ಸತ್ಯವತಿ ಸೌಟು ಹಿಡಿದು ಗಂಡನನ್ನು ನೋಡಿ, ಮುಂದಿನ ತಟ್ಟೆಗೆ ಬಡಿಸಿದಳು.

ಒಂದು ಸಲ ಬಾಯಿಂದ ಬಂದದ್ದನ್ನು ಬಿಡುವ ಜಾಯಮಾನ ಅನಂತಪದ್ಮನಾಭನದಲ್ಲ. ಮರುದಿನದಿಂದ ಅವನು ಸೂರತ್ ಥಾನಿಯ ಅಧ್ಯಯನಕ್ಕೆ ಕೂತ. ಆಫೀಸಿನ ಮೀಟಿಂಗುಗಳಲ್ಲಿ ಕ್ಯಾಮೆರಾ ಆರಿಸಿ, ಆ ಊರಿನ ನದಿ, ಸಂತೆ, ಹಣ್ಣು, ಬಸ್ ನಿಲ್ದಾಣದ ಸಮಯಪಟ್ಟಿ ಎಲ್ಲವನ್ನೂ ಓದಿ ತಲೆಗೆ ತುಂಬಿಕೊಂಡ. ಪಕ್ಕದ ಟೇಬಲ್ಲಿನ ಸಲೀಮ್ ಹುಬ್ಬಳ್ಳಿಯವನು, ಹಿಂದೊಮ್ಮೆ ಹೆಂಡತಿ ಖಾಲಿದಾ ಜೊತೆ ಆ ಕಡೆ ಹೋಗಿ ಬಂದವನು.

"ಸೂರತ್ ಥಾನಿಯೊಳಗ ಹತ್ತ ದಿನ?" ಎಂದ ಸಲೀಮ್, ಕಾಫಿ ಕಪ್ಪು ಕೆಳಗಿಟ್ಟು. "ನಾ ಅಲ್ಲಿ ಎರಡ ತಾಸ ಕುಂತಿದ್ದೆ, ಬಸ್ಸಿನ ಸಲುವಾಗಿ. ಖಾಲಿದಾ ಎರಡ ಸಲ ನಿದ್ದಿ ಮಾಡಿ ಎದ್ಲು. ಏನ ಐತ್ರೀ ಅಲ್ಲಿ?"

"ನೀನು ನೋಡಿಲ್ಲ, ಅದಕ್ಕೇ ಕೇಳ್ತಿದ್ದೀಯ."

"ನೋಡಾಕ ಇದ್ರ ನೋಡತಿದ್ದೆ. ಖರೇ ಹೇಳ್ರಿ, ಮನ್ಯಾಗ ಏನರ ತ್ರಾಸ ಐತೇನು?"

ಇಂಥ ಅನುಮಾನ ಸಲೀಮನೊಬ್ಬನಿಗೇ ಬರಲಿಲ್ಲ. ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೊಂದು ಊಹೆ ಹುಟ್ಟಿತು. ಅಲ್ಲಿ ಜಾಗ ತೆಗೆದುಕೊಳ್ಳುತ್ತಿದ್ದಾನೆ ಎಂದರು ಕೆಲವರು. ಬೋಳುತಲೆಗೆ ಕೂದಲು ನೆಡಿಸಿಕೊಳ್ಳಲು ಹೋಗುತ್ತಿದ್ದಾನೆ ಎಂದರು ಇನ್ನು ಕೆಲವರು. ನಂಜುಂಡಸ್ವಾಮಿಯವರೊಬ್ಬರೇ ಇದನ್ನೆಲ್ಲ ಒಪ್ಪಲಿಲ್ಲ. ಇಷ್ಟು ಓದಿದ ಮನುಷ್ಯ ಕಾರಣವಿಲ್ಲದೆ ಒಂದು ಊರು ಹಿಡಿಯುವುದಿಲ್ಲ, ಅಲ್ಲಿ ನಮ್ಮ ಕಣ್ಣಿಗೆ ಬೀಳದ್ದೇನೋ ಇದೆ ಎಂದು ಅವರು ನಂಬಿದ್ದರು.

ಆ ನಂಬಿಕೆ ಗಟ್ಟಿಯಾದದ್ದು ಲಿವರ್‌ಮೋರ್ ದೇವಸ್ಥಾನದಲ್ಲಿ. ಹೊರಡಲು ತಿಂಗಳಿರುವಾಗ ಅನಂತಪದ್ಮನಾಭ ಒಂದು ಬುಧವಾರ ಮಧ್ಯಾಹ್ನ, ಯಾರೂ ಇರುವುದಿಲ್ಲವೆಂದು ಲೆಕ್ಕಹಾಕಿ, ಗಂಡಾಂತರದಲ್ಲಿ ಆರು ತಿಂಗಳ ರಿಯಾಯಿತಿ ಸಿಗಬಹುದೇ ಎಂದು ಅರ್ಚಕರನ್ನು ಕೇಳಲು ಹೋಗಿದ್ದ. ಅರ್ಚನೆಯ ಸಾಲಿನಲ್ಲಿ ತೆಂಗಿನಕಾಯಿ ಹಿಡಿದು ನಿಂತಿದ್ದಾಗ ಹಿಂದಿನಿಂದ ಯಾರೋ ಭುಜ ಮುಟ್ಟಿದರು. ನೋಡಿದರೆ ನಂಜುಂಡಸ್ವಾಮಿ.

"ನೀವು ಇಲ್ಲಿ?"

"ಶಿಲ್ಪ ನೋಡೋಣ ಅಂತ ಬಂದೆ" ಎಂದ ಅನಂತಪದ್ಮನಾಭ.

"ಕೈಯಲ್ಲಿ ಕಾಯಿ ಇದೆ."

"ಯಾರೋ ಹಿಡ್ಕೊಳ್ಳಿ ಅಂತ ಕೊಟ್ಟು ಹೋದ್ರು."

ನಂಜುಂಡಸ್ವಾಮಿ ಕಾಯಿಯನ್ನೂ ಅವನ ಮುಖವನ್ನೂ ನೋಡಿ ಗಂಭೀರವಾಗಿ ತಲೆಯಾಡಿಸಿದರು. ದೇವರನ್ನು ನಂಬದ ಮನುಷ್ಯ ಕೆಲಸದ ದಿನ ನಲವತ್ತು ಮೈಲಿ ಬಂದು ಅರ್ಚನೆ ಮಾಡಿಸುವಂಥ ಪ್ರಯಾಣ ಸಾಧಾರಣವಾದದ್ದಾಗಿರಲು ಸಾಧ್ಯವಿಲ್ಲ. ಮನೆಗೆ ಹೋದವರೇ, ಆ ಬೇಸಗೆಗೆಂದು ಮಾಡಿಸಿದ್ದ ಹವಾಯಿಯ ಬುಕಿಂಗು ರದ್ದುಮಾಡಿ, ತಮಗೂ ಪದ್ಮಜಾಗೂ ಸೂರತ್ ಥಾನಿಗೆ ಟಿಕೆಟ್ಟು ತೆಗೆದರು. ಅವರ ಮನೆಯಿಂದ ಆ ವಾರವೆಲ್ಲ ಪಾತ್ರೆ ಜೋರಾಗಿ ಇಡುವ ಸದ್ದು ಕೇಳುತ್ತಿತ್ತೆಂದು ನೆರೆಹೊರೆಯವರು ಹೇಳುತ್ತಾರೆ.

ಬ್ಯಾಂಕಾಕಿನ ಇಮಿಗ್ರೇಶನ್ ಕೌಂಟರಿನ ಅಧಿಕಾರಿಣಿ ಅನಂತಪದ್ಮನಾಭನ ಪಾಸ್‌ಪೋರ್ಟ್ ತಿರುವುತ್ತಾ, ಯಾವ ದ್ವೀಪ ಎಂದು ಕೇಳಿದರು.

"ದ್ವೀಪ ಇಲ್ಲ. ಸೂರತ್ ಥಾನಿ."

"ಸರಿ, ಅಲ್ಲಿಂದ ಮುಂದೆ?"

"ಸೂರತ್ ಥಾನಿ."

ಆಕೆ ಪಕ್ಕದ ಕೌಂಟರಿನವರನ್ನು ಕರೆದರು. ಇಬ್ಬರೂ ಅವನ ಮುಖವನ್ನು ಫೋಟೋದ ಜೊತೆ ಹೋಲಿಸಿದರು. ಹಿಂದಿನ ಸಾಲಿನಿಂದ ನಂಜುಂಡಸ್ವಾಮಿ ಕೈಯೆತ್ತಿ, ತಾವೂ ಅಲ್ಲಿಗೇ ಎಂದು ಸಾರಿದರು. ಇಂಥವರು ಇಬ್ಬರಿದ್ದಾರೆ ಎಂದಾದ ಮೇಲೆ ಅಪಾಯವಿಲ್ಲವೆಂದು ತೋರಿತೋ ಏನೋ, ಅಧಿಕಾರಿಣಿ ಮುದ್ರೆ ಒತ್ತಿ ಕಳಿಸಿದರು.

ಸೂರತ್ ಥಾನಿ ಒಳ್ಳೆಯ ಊರು. ನಮ್ಮ ದೇಶದ ನದಿಯ ಹೆಸರನ್ನೇ ಇಟ್ಟುಕೊಂಡಿರುವ ಅಗಲವಾದ ತಾಪಿ ನದಿ, ದಡದ ಉದ್ದಕ್ಕೂ ಅಂಗಡಿ, ಸೈಕಲ್ಲು ರಿಪೇರಿಯವರು, ಔಷಧಿಯಂಗಡಿ, ಶಾಲೆ ಬಿಟ್ಟು ಹೋಗುವ ಮಕ್ಕಳು, ನಮ್ಮ ತುಮಕೂರು ದಾವಣಗೆರೆಗಳ ಹಾಗೆ ತನ್ನ ಪಾಡಿಗೆ ತಾನಿರುವ ಊರು. ಬಂದವರೆಲ್ಲ ಬೆನ್ನ ಮೇಲೆ ದೊಡ್ಡ ಚೀಲ ಹೊತ್ತು, ಬಸ್ಸು ಎಲ್ಲಿ ಎಂದು ಕೇಳಿ, ಅದರಲ್ಲಿ ಬಂದರಿಗೆ ಹೋಗಿಬಿಡುತ್ತಾರೆ. ಅನಂತಪದ್ಮನಾಭ ಹೇಳಿದ್ದು ಅಷ್ಟರಮಟ್ಟಿಗೆ ನಿಜವಾಗಿತ್ತು.

ಮರುದಿನ ಬೆಳಗ್ಗೆ ದ್ವೀಪಕ್ಕೆ ಹೊರಡುವ ಬಸ್ಸಿನ ಮುಂದೆ ಸತ್ಯವತಿ, ಹದಿಮೂರು ವರ್ಷದ ಮಗಳು ವಿಭಾ ಮತ್ತು ಪದ್ಮಜಾ ಬ್ಯಾಗು ಹಿಡಿದು ನಿಂತರು. ಹವಾಯಿ ಕಳೆದುಕೊಂಡ ಮೇಲೆ ಒಂದು ದ್ವೀಪವನ್ನಾದರೂ ನೋಡದೆ ಬಿಡುವುದಿಲ್ಲವೆಂದು ಪದ್ಮಜಾ ಶಪಥ ಮಾಡಿದ್ದರು.

"ನೀವು ಹೋಗಿ ಬನ್ನಿ" ಎಂದ ಅನಂತಪದ್ಮನಾಭ. "ನಾನು ಬಂದ್ರೆ ನನ್ನ ಸ್ಟಡಿ ಅರ್ಧಕ್ಕೆ ನಿಲ್ಲುತ್ತೆ."

ಸತ್ಯವತಿ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು. "ನೀವು ನನಗೆ ಏನಾದ್ರೂ ಹೇಳೋದಿದ್ಯಾ? ಇದ್ರೆ ಈಗಲೇ ಹೇಳ್ಬಿಡಿ."

ಅವನು ಬಾಯಿ ತೆರೆದ. ಪಕ್ಕದಲ್ಲೇ ನಂಜುಂಡಸ್ವಾಮಿ ನಿಂತಿದ್ದರು, ಕೈಯಲ್ಲಿ ನೋಟ್‌ಬುಕ್ಕು ಹಿಡಿದು.

"ಸನ್‌ಸ್ಕ್ರೀನ್ ಹಚ್ಕೋ" ಎಂದ.

ಅವಳು ಮೇಲೆ ಹತ್ತಿದಳು. ಬಸ್ಸು ಮರೆಯಾಗುವವರೆಗೂ ಅವನು ಕೈ ಬೀಸಿದ, ಕಿಟಕಿಯಿಂದ ಯಾರೂ ತಿರುಗಿ ಬೀಸಲಿಲ್ಲ.

ಅಲ್ಲಿಂದ ಇಬ್ಬರು ಗಂಡಸರ ಅಧ್ಯಯನ ಆರಂಭವಾಯಿತು. ಬೆಳಗ್ಗೆ ಬಸ್ ನಿಲ್ದಾಣ, ಮಧ್ಯಾಹ್ನ ಹಳದಿ ಬಾವುಟ ಕಟ್ಟಿದ ಸಸ್ಯಾಹಾರಿ ಅಂಗಡಿಯಲ್ಲಿ ಅನ್ನ, ಸಂಜೆ ನದಿ ದಡ. ಪ್ರತಿಯೊಂದರ ಮುಂದೆಯೂ ನಂಜುಂಡಸ್ವಾಮಿ ಪೆನ್ನು ತೆರೆದು ನಿಲ್ಲುತ್ತಿದ್ದರು.

"ಇದರ ವಿಶೇಷ ಏನು ಅನಂತ್?"

"ಏನೂ ಇಲ್ಲ."

"ಏನೂ ಇಲ್ಲವಾ?"

"ಅದೇ ವಿಶೇಷ."

ನಂಜುಂಡಸ್ವಾಮಿ ಬರೆದುಕೊಳ್ಳುತ್ತಿದ್ದರು. ನಡುನಡುವೆ ಫೋನಿನ ಪಂಚಾಂಗ ತೆಗೆದು, ಈಗ ರಾಹುಕಾಲ ಎಂದು ಅಲ್ಲೇ ಬೆಂಚಿನ ಮೇಲೆ ಕೂತುಬಿಡುತ್ತಿದ್ದರು. ಅನಂತಪದ್ಮನಾಭ ಮೂಢನಂಬಿಕೆಯ ಬಗ್ಗೆ ಎರಡು ಮಾತು ಆಡಿ, ಕಾಲು ನೋಯುತ್ತಿದ್ದರಿಂದ ತಾನೂ ಕೂರುತ್ತಿದ್ದ.

ಬಸ್ ನಿಲ್ದಾಣದ ಹತ್ತಿರ ದೋಣಿ ಟಿಕೆಟ್ಟು ಮಾರುವ ಒಬ್ಬ ಹೆಂಗಸಿದ್ದಳು. ಮೊದಲ ದಿನ ಆಕೆ, ಕೋ ತಾವ್, ದೋಣಿ ಎಂದು ಕೂಗಿದಳು. ಇವರು ತಲೆಯಾಡಿಸಿದರು. ಎರಡನೆಯ ದಿನವೂ ಕೂಗಿದಳು, ಇವರು ತಲೆಯಾಡಿಸಿದರು. ಮೂರನೆಯ ದಿನ ಆಕೆ ಕೂಗಲಿಲ್ಲ. ಹೊರಗೆ ಬಂದು ಎರಡು ಸ್ಟೂಲು ಹಾಕಿ ಕೂರಿಸಿ, ರಂಬುಟಾನ್ ಹಣ್ಣಿನ ಗೊಂಚಲು ಕೊಟ್ಟು, ಫೋನಿಗೆ ಏನೋ ಹೇಳಿ ಅವರ ಮುಂದೆ ಹಿಡಿದಳು. ಫೋನು ಸ್ಪಷ್ಟವಾದ ಕನ್ನಡದಲ್ಲಿ ಮಾತನಾಡಿತು: "ಪತ್ನಿಯರು ಬಿಟ್ಟು ಹೋಗಿದ್ದಾರೆಂದು ದುಃಖಿಸಬೇಡಿ. ನಾಳೆಯ ದೋಣಿಯಲ್ಲಿ ಆಸನಗಳು ಲಭ್ಯವಿವೆ."

ಆ ಹೊತ್ತಿಗೆ ಬೀದಿಗೆಲ್ಲ ಸುದ್ದಿ ಮುಟ್ಟಿತ್ತು. ಸೈಕಲ್ಲು ಅಂಗಡಿಯವನು ಬಂದು ಅನಂತಪದ್ಮನಾಭನ ಬೆನ್ನು ತಟ್ಟಿ ಹೋದ. ಔಷಧಿಯಂಗಡಿಯ ಮುದುಕಿ ಎಳನೀರು ಕಳಿಸಿದಳು. ತಮ್ಮನ್ನು ಯಾರೂ ಬಿಟ್ಟು ಹೋಗಿಲ್ಲ, ತಾವೇ ಸಿದ್ಧಾಂತಕ್ಕೋಸ್ಕರ ಉಳಿದಿರುವುದು ಎಂದು ನಂಜುಂಡಸ್ವಾಮಿ ಫೋನಿಗೆ ವಿವರವಾಗಿ ಹೇಳಿದರು. ಅದು ಥಾಯ್ ಭಾಷೆಯಲ್ಲಿ ಏನು ಹೇಳಿತೋ ತಿಳಿಯದು, ಮುದುಕಿ ಕಣ್ಣೊರೆಸಿಕೊಂಡು ಇನ್ನೆರಡು ಎಳನೀರು ಕಳಿಸಿದಳು.

ಅದೇ ಸಂಜೆ ವಿಭಾಳ ಧ್ವನಿ ಸಂದೇಶ ಬಂತು. ಮಗಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಉತ್ತರ ಮಾತ್ರ ಮುಕ್ಕಾಲು ಇಂಗ್ಲಿಷಿನಲ್ಲಿ.

"ಅಪ್ಪ, ಅಮ್ಮ ಈಸ್ ಬೀಯಿಂಗ್ ವಿಯರ್ಡ್. ಥ್ರೀ ಡೇಸ್ ಆಯ್ತು, ಶಿ ಹ್ಯಾಸಂಟ್ ಈವನ್ ಟಚ್ಡ್ ದ ವಾಟರ್. ಸುಮ್ನೆ ಮರಳ ಮೇಲೆ ಕೂತ್ಕೋತಾಳೆ, ವಿತ್ ಹರ್ ಶೂಸ್ ಆನ್. ಪದ್ಮಜಾ ಆಂಟಿ ಕರೆದ್ರೆ, ಅವರು ಬರ್ಲಿ ಅಂತಾಳೆ. ಆರ್ ಯು ಕಮಿಂಗ್ ಆರ್ ನಾಟ್?"

ಅನಂತಪದ್ಮನಾಭ ಅದನ್ನು ಮೂರು ಸಲ ಕೇಳಿದ. ಹದಿನಾಲ್ಕು ವರ್ಷ ಕಾದು, ಅರ್ಧ ಭೂಮಿ ದಾಟಿ ಬಂದು, ಬೆಚ್ಚಗಿನ ಸಮುದ್ರದಿಂದ ಹತ್ತು ಹೆಜ್ಜೆ ದೂರದಲ್ಲಿ ಶೂ ಹಾಕಿಕೊಂಡು ಕೂತಿರುವ ಹೆಂಡತಿ ಅವನ ಕಣ್ಣ ಮುಂದೆ ಬಂದಳು. ಅವನಿಗೆ ತನ್ನ ಮೇಲೆ ತಡೆಯಲಾರದಷ್ಟು ಸಿಟ್ಟು ಬಂತು. ಹೋಗುವುದೇ ಸೈ ಎಂದು ಆ ಕ್ಷಣವೇ ನಿಶ್ಚಯಿಸಿದ. ಅವಳಿಗೆ ತಿಳಿಸಿ, ಆಮೇಲೆ ಕೊನೇ ಗಳಿಗೆಯಲ್ಲಿ ಧೈರ್ಯ ಕೈಕೊಟ್ಟರೆ ಎರಡು ಪಟ್ಟು ಅವಮಾನ. ಆದ್ದರಿಂದ ಯಾರಿಗೂ ಹೇಳದೆ ನೇರವಾಗಿ ಸಂತೆಗೆ ಹೋಗಿ ಕಿತ್ತಳೆ ಬಣ್ಣದ ಒಂದು ಲೈಫ್ ಜಾಕೆಟ್ಟು ಕೊಂಡ.

ಬೆಳಗ್ಗೆ ಅದನ್ನು ಅಂಗಿಯ ಮೇಲೆ ತೊಟ್ಟು, ಎಲ್ಲ ಪಟ್ಟಿಗಳನ್ನೂ ಬಿಗಿದುಕೊಂಡು ಬಸ್ ನಿಲ್ದಾಣಕ್ಕೆ ಬಂದ. ಟಿಕೆಟ್ಟಿನ ಹೆಂಗಸು ಎದ್ದು ನಿಂತು ಚಪ್ಪಾಳೆ ತಟ್ಟಿದಳು. ನಂಜುಂಡಸ್ವಾಮಿ ನೋಟ್‌ಬುಕ್ಕು ತೆರೆದರು.

"ಇದು ಸಿದ್ಧಾಂತದ ಮುಂದಿನ ಹಂತವಾ?"

"ಸಿದ್ಧಾಂತ ಅಂತ ಏನೂ ಇಲ್ಲ ಸರ್. ನನಗೆ ಜಲಗಂಡಾಂತರ ಇದೆ. ಜಾತಕದಲ್ಲಿ ಬರೆದಿದೆ. ಹೆದರ್ಕೊಂಡು ಇಲ್ಲಿ ಕೂತಿದ್ದೆ. ಆ ಭಾಷಣದಲ್ಲಿ ನಿಮ್ಮನ್ನ ಆಡ್ಕೊಂಡೆನಲ್ಲ, ಅದಕ್ಕೆ ನಿಮ್ಮ ಹತ್ರ ಹೇಳೋಕೆ ಮುಖ ಇರಲಿಲ್ಲ. ತಪ್ಪಾಯ್ತು."

ನಂಜುಂಡಸ್ವಾಮಿ ನೋಟ್‌ಬುಕ್ಕು ಮುಚ್ಚಿದರು.

"ಹಾಗಾದ್ರೆ ನಾನು ಯಾಕೆ ಮೂರು ದಿನ ಬಸ್ ಸ್ಟ್ಯಾಂಡ್ ನೋಡಿದೆ?" ಎಂದರು.

ಅನಂತಪದ್ಮನಾಭ ಜಾಕೆಟ್ಟಿನ ಪಟ್ಟಿ ಬಿಗಿದುಕೊಂಡು, ಸಿಟ್ಟಾಗುತ್ತಾರೆಂದು ಕಾದ. ನಂಜುಂಡಸ್ವಾಮಿ ಸಿಟ್ಟಾಗದೆ, ಫೋನು ತೆಗೆದು ಪಂಚಾಂಗ ನೋಡಿ ಹುಬ್ಬು ಗಂಟಿಕ್ಕಿದರು. "ಗಂಡಾಂತರ ಇರೋರು ಇವತ್ತು ಹೊರಡಬಾರದು. ತಿಥಿ ಸರಿಯಿಲ್ಲ. ನಾಳೆ ಹೋಗಿ."

ಅನಂತಪದ್ಮನಾಭ ಬಗ್ಗಿ ನೋಡಿದ. "ಸರ್, ಇದರಲ್ಲಿ ಊರು ಮೌಂಟನ್ ವ್ಯೂ ಅಂತಿದೆ. ಅಲ್ಲಿ ಇನ್ನೂ ನಿನ್ನೆ."

ನಂಜುಂಡಸ್ವಾಮಿಯವರ ಮುಖ ಬಿಳಿಚಿತು. ಮೂರು ದಿನ ಬೆಂಚಿನ ಮೇಲೆ ಕೂತು ಕಳೆದ ರಾಹುಕಾಲಗಳೆಲ್ಲ ಕ್ಯಾಲಿಫೋರ್ನಿಯಾದ್ದಾಗಿದ್ದವು. ಅವರು ಸ್ಟೂಲಿನ ಮೇಲೆ ಕುಸಿದರು. ಔಷಧಿಯಂಗಡಿಯ ಮುದುಕಿ ಎಳನೀರು ತರಲು ಒಳಗೆ ಓಡಿದಳು.

ಬಸ್ಸು ಬಂದರಿಗೆ ತಲುಪಿತು. ಅನಂತಪದ್ಮನಾಭ ದೋಣಿಗೆ ಹತ್ತುವ ಹಲಗೆಯ ಮುಂದೆ ನಿಂತು ಎರಡು ಸಲ ಹಿಂದಕ್ಕೆ ಸರಿದು, ಮೂರನೆಯ ಸಲ ಕಣ್ಣು ಮುಚ್ಚಿ ದಾಟಿಬಿಟ್ಟ. ದೋಣಿ ಹೊರಟಾಗ ಬಾಯಲ್ಲಿ ತಾನಾಗಿ ನರಸಿಂಹ ಸ್ತೋತ್ರ ಬಂತು. ವಿಚಾರವಾದಕ್ಕೆ ಬಿದ್ದ ಮೇಲೆ ಅರ್ಧ ಮರೆತಿದ್ದರಿಂದ, ನೆನಪಿದ್ದ ಅರ್ಧವನ್ನೇ ಒಂದು ಗಂಟೆ ತಿರುಗಿ ತಿರುಗಿ ಹೇಳಿದ. ಆಮೇಲೆ ಒಂದು ಕಣ್ಣು ತೆರೆದು ನೋಡಿದ. ಪಕ್ಕದಲ್ಲಿ ಒಬ್ಬಾಕೆ ಹೆಣಿಗೆ ಹಾಕುತ್ತಿದ್ದಳು, ಎದುರಿಗೆ ಒಬ್ಬ ಮೊಟ್ಟೆ ತಿನ್ನುತ್ತಿದ್ದ. ಯಾರೂ ಮುಳುಗುವ ಸಿದ್ಧತೆಯಲ್ಲಿರಲಿಲ್ಲ.

ನಡುಸಮುದ್ರದಲ್ಲಿ ಎದುರಿನಿಂದ ಇನ್ನೊಂದು ದೋಣಿ ಬಂತು. ಎರಡೂ ಕಡೆಯವರು ಕೈ ಬೀಸಿದರು. ಅನಂತಪದ್ಮನಾಭನಿಗೆ ಎಲ್ಲಿಲ್ಲದ ಹುರುಪು ಬಂದು, ಎದ್ದು ನಿಂತು, ಒಂದು ಕೈಯಲ್ಲಿ ಕಂಬಿ ಬಿಗಿಯಾಗಿ ಹಿಡಿದು, ಇನ್ನೊಂದರಲ್ಲಿ ಟೋಪಿ ತೆಗೆದು ಜೋರಾಗಿ ಬೀಸಿದ. ಆ ದೋಣಿಯಿಂದ ಇಬ್ಬರು ಹೆಂಗಸರು ಅವನಿಗೇ ಎಂಬಂತೆ ತಿರುಗಿ ಕೈ ಬೀಸಿದರು. ಜನ ಎಷ್ಟು ಒಳ್ಳೆಯವರು ಎಂದುಕೊಂಡು ಅವನು ಕೂತ.

ದ್ವೀಪದಲ್ಲಿಳಿದು, ಹೋಟೆಲು ಹುಡುಕಿಕೊಂಡು ಹೋದಾಗ ಅಂಗಳದಲ್ಲಿ ಪದ್ಮಜಾ ಕುರ್ಚಿ ಹಾಕಿಕೊಂಡು ಅನಾನಸು ತಿನ್ನುತ್ತಿದ್ದರು. ಕಿತ್ತಳೆ ಜಾಕೆಟ್ಟಿನ ಅನಂತಪದ್ಮನಾಭನನ್ನು ಕಂಡು ಅವರ ಕೈಯ ಹೋಳು ಕೆಳಗೆ ಬಿತ್ತು.

"ನೀವು ಇಲ್ಲಿ ಏನು ಮಾಡ್ತಿದ್ದೀರಿ? ಸತ್ಯಾ ಬೆಳಗ್ಗೆ ಬೋಟಿಗೆ ವಿಭಾನ ಕರ್ಕೊಂಡು ನಿಮ್ಮ ಹತ್ರಾನೇ ಹೋದ್ಲಲ್ಲ. ಅಲ್ಲೇ ಉಳಿದಿದ್ದಾರೆ, ಸರಿಯಾಗಿ ತಿಂತಿದ್ದಾರೋ ಇಲ್ವೋ, ಸಮುದ್ರ ಎಲ್ಲಿ ಹೋಗುತ್ತೆ ಅಂದ್ಲು."

ಅನಂತಪದ್ಮನಾಭ ಅಲ್ಲೇ ಮರಳಿನ ಮೇಲೆ ಕೂತ. ಫೋನು ಹೊಡೆದುಕೊಂಡಿತು.

"ಎಲ್ಲಿದ್ದೀರ್ರೀ?" ಸತ್ಯವತಿಯ ಧ್ವನಿ. "ನಾನು ಈಗ್ತಾನೇ ಸೂರತ್ ಥಾನಿಗೆ ಬಂದೆ. ಇಲ್ಲಿ ಯಾರೋ ಹೆಂಗಸು ನನ್ನ ಕೈ ಹಿಡ್ಕೊಂಡು ಬೈತಿದ್ದಾಳೆ. ನಂಜುಂಡಸ್ವಾಮಿಯವರು ಎಳನೀರು ಕುಡೀತಾ ಕೂತಿದ್ದಾರೆ, ಮಾತೇ ಆಡ್ತಿಲ್ಲ."

"ನಾನು ದ್ವೀಪದಲ್ಲಿದ್ದೀನಿ."

"ಯಾವ ದ್ವೀಪ?"

"ನಿನ್ನ ದ್ವೀಪ."

ಆ ಕಡೆಯಿಂದ ಬಸ್ಸಿನ ಹಾರನ್ನು ಕೇಳಿಸಿತು. ಆಮೇಲೆ ವಿಭಾ ಫೋನು ಕಸಿದುಕೊಂಡಳು. "ಅಪ್ಪ, ವರ್ ಯು ವೇರಿಂಗ್ ಆನ್ ಆರೆಂಜ್ ಲೈಫ್ ಜಾಕೆಟ್? ದಟ್ ವಾಸ್ ಯು? ವಿ ವೇವ್ಡ್ ಅಟ್ ಯು. ಪಾಪ ಯಾರೋ ತಲೆ ಕೆಟ್ಟೋನು ಅಂದ್ಲು ಅಮ್ಮ."

ಫೋನು ಮತ್ತೆ ಸತ್ಯವತಿಯ ಕೈಗೆ ಬಂತು. "ಜಲಗಂಡಾಂತರ ಅಲ್ವೇನ್ರೀ ನಿಮಗೆ?" ಎಂದಳು ಮೆಲ್ಲಗೆ.

"ನಿನಗೆ ಯಾರು ಹೇಳಿದ್ದು?"

"ಮದುವೆಯಾದ ಮೂರನೇ ದಿನ ಅತ್ತೆ ಹೇಳಿದ್ರು. ನೀವಾಗಿ ಹೇಳ್ತೀರಾ ಅಂತ ಕಾದೆ. ಚಕ್ಕುಲಿ ಡಬ್ಬಿ ಹಿಡ್ಕೊಂಡು ದಂಡೇಲಿ ನಿಂತಿದ್ದನ್ನ ನೋಡಿದಾಗೆಲ್ಲ, ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ ಕಾದೆ. ದ್ವೀಪಕ್ಕೆ ಬುಕ್ ಮಾಡಿದ್ಮೇಲಾದ್ರೂ ಬಾಯಿ ಬಿಡ್ತೀರ ಅಂದ್ಕೊಂಡೆ. ಹೆದರಿಕೆ ಅಂದಿದ್ರೆ ಕ್ಯಾನ್ಸಲ್ ಮಾಡ್ತಿದ್ದೆ. ನೀವು ರೇಣಿಗುಂಟ ತಂದ್ರಿ."

ಅನಂತಪದ್ಮನಾಭ ಮರಳು ಕೊಡವಿಕೊಂಡು ಎದ್ದ. "ನಾಳೆ ಬೆಳಗ್ಗೆ ನಾನೇ ಬರ್ತೀನಿ" ಎಂದ.

"ಬೇಡ, ನಾನೇ ಬರ್ತೀನಿ."

"ಇಲ್ಲ ಸತ್ಯಾ, ಇನ್ನೊಂದು ಸಲ ಹತ್ತಬಲ್ಲೆ."

"ನೀವು ಅಲ್ಲಿಂದ ಕದಲಕೂಡದು. ಕದಲಿದ್ರೆ ನೋಡಿ ಆಮೇಲೆ. ಪದ್ಮಜಾಗೆ ಫೋನ್ ಕೊಡಿ, ಕಾವಲಿರೋಕೆ ಹೇಳ್ತೀನಿ."

ಪದ್ಮಜಾ ಫೋನು ತೆಗೆದುಕೊಂಡು, ನಗುತ್ತಾ, ಆಯಿತು ಎಂದರು. ಯುಗಾದಿಯ ಆ ಭಾಷಣದ ನಂತರ ಅನಂತಪದ್ಮನಾಭನ ವಿಷಯದಲ್ಲಿ ಅವರು ನಕ್ಕದ್ದು ಅದೇ ಮೊದಲು.

ಮರುದಿನ ದೋಣಿ ಬರುವ ಒಂದು ಗಂಟೆ ಮೊದಲೇ ಅವನು ಕಟ್ಟೆಯ ಮೇಲೆ ನಿಂತಿದ್ದ. ಸತ್ಯವತಿ ಇಳಿದಾಗ ಅವಳ ಮುಖ ಸೊಪ್ಪಾಗಿತ್ತು. ಎರಡು ದಿನದಲ್ಲಿ ಎರಡು ಸಲ ಸಮುದ್ರ ದಾಟಿದ್ದರಿಂದ ಹೊಟ್ಟೆಯಲ್ಲಿದ್ದದ್ದೆಲ್ಲ ದಾರಿಯಲ್ಲೇ ಖರ್ಚಾಗಿತ್ತು. ನಂಜುಂಡಸ್ವಾಮಿ ಬಂದಿರಲಿಲ್ಲ. ಅವರಿಗೆ ಆ ಊರು ಇನ್ನೂ ಮುಗಿದಿಲ್ಲವಂತೆ, ಟಿಕೆಟ್ಟಿನ ಕಿಟಕಿಯ ಪಕ್ಕ ಸ್ಟೂಲು ಹಾಕಿಕೊಂಡು ಬಂದವರಿಗೆಲ್ಲ ಎರಡು ದಿನ ಇಲ್ಲೇ ಇರಿ ಎಂದು ಹೇಳುತ್ತಿದ್ದಾರಂತೆ. ಇರಲಿ ಬಿಡು ಎಂದು ಪದ್ಮಜಾ ವಿಭಾಳ ಬ್ಯಾಗು ತೆಗೆದುಕೊಂಡು ಹೋಟೆಲಿನ ಕಡೆ ನಡೆದರು.

"ನೀರಿಗೆ ಹೋಗೋಣ" ಎಂದ ಅನಂತಪದ್ಮನಾಭ.

"ಸ್ವಲ್ಪ ಕೂತ್ಕೊಳ್ಳೋಣ ರೀ. ಮುಖ ತೊಳೀಬೇಕು."

"ಈಗಲೇ ಹೋಗೋಣ. ಆಮೇಲೆ ಅಂದ್ರೆ ನನಗೆ ಆಗಲ್ಲ."

ಅವಳು ಶೂ ಬಿಚ್ಚಿ ಮರಳಿನ ಮೇಲಿಟ್ಟಳು. ಇಬ್ಬರೂ ನಡೆದರು. ಮೊದಲ ಅಲೆ ಪಾದ ಮುಟ್ಟುವ ಹೊತ್ತಿಗೆ ಸತ್ಯವತಿ ಅಭ್ಯಾಸಬಲದಿಂದ ನಿಂತು, ಭುಜ ಕುಗ್ಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ಚಳಿಗೆ ಕಾದಳು. ಚಳಿ ಬರಲಿಲ್ಲ. ಕಣ್ಣು ಬಿಟ್ಟಾಗ ಗಂಡ ಪಕ್ಕದಲ್ಲಿರಲಿಲ್ಲ. ಅವನು ಅವಳಿಗಿಂತ ಮುಂದೆ, ಸೊಂಟದವರೆಗಿನ ನೀರಿನಲ್ಲಿ, ಕಿತ್ತಳೆ ಜಾಕೆಟ್ಟಿನೊಳಗೆ ಗಡಗಡ ನಡುಗುತ್ತಾ, ಹಿಂದಕ್ಕೆ ಕೈ ಚಾಚಿ ನಿಂತಿದ್ದ.

"ಬಾ" ಎಂದ.

"ಹೆದರಿಕೆ ಆಗ್ತಿದ್ಯಾ?"

"ತುಂಬಾ ಆಗ್ತಿದೆ ಸತ್ಯಾ."

ಹದಿನೈದು ವರ್ಷದಲ್ಲಿ ಅವನು ಅವಳಿಗೆ ಈ ಮಾತು ಹೇಳಿದ್ದು ಇದೇ ಮೊದಲು. ಅವಳು ನಡೆದು ಹೋಗಿ ಅವನ ಕೈ ಹಿಡಿದಳು. ನೀರು ಬೆಚ್ಚಗಿತ್ತು.